ಪುಸ್ತಕದಲ್ಲಿ ನಾನೆಲ್ಲಿ?

ಪ್ರತಿ ಬೇಸಿಗೆ ರಜೆಯಲ್ಲೂ ಊರಿಗೆ ಹೋಗಿ ದೆಹಲಿಗೆ ಹಿಂತಿರುಗುವಾಗ ನಮ್ಮ ಗಂಟುಮೂಟೆಗಳಲ್ಲಿ ಏನೇನಿರುತ್ತದೆ ಎಂಬುದನ್ನು ಹೊರನಾಡಿನ ಕನ್ನಡಿಗರಿಗೆ ವಿವರಿಸಬೇಕಾದ್ದಿಲ್ಲ. ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬ, ಹಪ್ಪಳ ಸಂಡಿಗೆಯ ಕಟ್ಟು, ಸಾರಿನಪುಡಿ, ಒಂದಿಷ್ಟು ರಾಗಿಹಿಟ್ಟು. ಇವೆಲ್ಲದರ ಅಡಿಯಲ್ಲಿ, ಮೂಲೆ ಮುದುಡದಂತೆ ಹಳೆಯ ಪಂಚೆಯಲ್ಲಿ ಸುತ್ತಿದ ನಾಲ್ಕೋ ಐದೋ ಕನ್ನಡ ಪುಸ್ತಕ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಮನೆ ಸೇರಿದ ಮೇಲೆ, ಹಪ್ಪಳ ಗಣೇಶನ ಹಬ್ಬಕ್ಕೆ ಮುಗಿಯುತ್ತದೆ, ಉಪ್ಪಿನಕಾಯಿ ದೀಪಾವಳಿಗೆ. ಪುಸ್ತಕಗಳು ಮಾತ್ರ ಮುಂದಿನ ಬೇಸಿಗೆಯವರೆಗೂ ತಂದಿಟ್ಟ ಹಾಗೆಯೇ ಇರುತ್ತವೆ.

ಕಳೆದ ವರ್ಷ ತಂದ ಪುಸ್ತಕಗಳಲ್ಲಿ ಎರಡು ನಮ್ಮ ಮಗಳಿಗಾಗಿ ತಂದವು. ಅವಳಿಗೆ ಹನ್ನೊಂದು ವರ್ಷ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ನಡುನಡುವೆ ಹಿಂದಿ ನುಸುಳುತ್ತದೆ, ಅದನ್ನು ನಾವು ತಿದ್ದುತ್ತೇವೆ, ತಿದ್ದುವ ಭರದಲ್ಲಿ ನಮ್ಮ ಬಾಯಲ್ಲೂ ಹಿಂದಿಯೇ ಬಂದುಬಿಡುತ್ತದೆ. ಅಕ್ಷರ ಮಾತ್ರ ಅವಳಿಗೆ ಬಾರದು. ಆದಕಾರಣ ರಾತ್ರಿ ಊಟವಾದ ಮೇಲೆ ನಾವೇ ಓದಿ ಹೇಳುವುದೆಂದು ಏರ್ಪಾಡಾಯಿತು. ಮೂರು ದಿನ ಕೇಳಿದಳು. ಕೊಟ್ಟಿಗೆ ಎಂದರೇನು, ಕಣ ಎಂದರೇನು, ಏತ ಎಂದರೇನು ಎಂದು ವಿಚಾರಿಸಿದಳು, ಹೇಳಿದೆವು. ನಾಲ್ಕನೆಯ ದಿನ ನಾವು ಪುಸ್ತಕ ತೆಗೆಯುವಷ್ಟರಲ್ಲಿ, “ಅಪ್ಪ, ಇದೆಲ್ಲ ನಿಮ್ಮ ಚಿಕ್ಕಂದಿನ ಪುಸ್ತಕ. ಇದರಲ್ಲಿ ನಾನೆಲ್ಲಿದ್ದೀನಿ?” ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ಹಟದಿಂದಲೂ ಅಲ್ಲ. ಕಂಡದ್ದನ್ನು ಕಂಡಂತೆ ಹೇಳಿದಳು, ಅಷ್ಟೆ. ಅವಳ ತಾಯಿ, “ಕಡೇ ಪುಟದಲ್ಲಿರ್ತೀಯ, ತಿರುವಿ ನೋಡು” ಎಂದು ನಕ್ಕಳು. ನಗೆ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ.

ಈ ಪ್ರಶ್ನೆ ನಮ್ಮ ಮನೆಯೊಂದರದೇ ಆಗಿರಲಾರದೆಂಬ ನಂಬಿಕೆಯಿಂದ ಓದುಗರ ಮುಂದಿಡುತ್ತಿದ್ದೇವೆ. ಮಕ್ಕಳ ಕೈಗೆ ಕನ್ನಡ ಪುಸ್ತಕ ಕೊಡುವಾಗ ನಾವು ನಿಜವಾಗಿ ಕೊಡುತ್ತಿರುವುದೇನು? ಅವರಿಗೆ ಬೇಕಾದ್ದನ್ನೋ, ನಮಗೆ ಬೇಕಾದ್ದನ್ನೋ? ನಮ್ಮ ಕೈಜಾರಿದ ಬಾಲ್ಯವನ್ನು ಅವರ ಮೂಲಕ ಇನ್ನೊಮ್ಮೆ ಬದುಕಿ ನೋಡುವ ಹಕ್ಕು ನಮಗಿದೆಯೆ? ಇಲ್ಲವೆಂದಾದರೆ, ಏನನ್ನೂ ಕೊಡದೆ ಸುಮ್ಮನಿದ್ದುಬಿಡುವ ಹಕ್ಕಾದರೂ ಇದೆಯೆ?

ಸಂಘದ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ ಈ ಮಾತು ಎತ್ತಿದರೆ ಕೂಡಲೇ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದವರು ಹೇಳುವುದು: ಭಾಷೆಯೂ ಸಂಸ್ಕೃತಿಯೂ ಮಗುವನ್ನು ಕೇಳಿ ಕೊಡುವಂಥವಲ್ಲ. ಹೆಸರಿಡುವಾಗ ಕೇಳಿದೆವೆ? ಲಸಿಕೆ ಹಾಕಿಸುವಾಗ ಕೇಳಿದೆವೆ? ದೊಡ್ಡವರಾದ ಮೇಲೆ ಅವರೇ ನಮ್ಮನ್ನು ನೆನೆಯುತ್ತಾರೆ. ಇನ್ನೊಂದು ಪಕ್ಷದವರು ಹೇಳುವುದು: ನಾವು ಕಿತ್ತು ತಂದು ನಾಟಿ ಮಾಡಿದ ಪೈರು, ಮಕ್ಕಳು ಇಲ್ಲೇ ಬಿದ್ದು ಮೊಳೆತ ಬೀಜ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು, ಸಂಸ್ಕೃತ. ಅದರ ಮೇಲೆ ಗಣಿತ, ವಿಜ್ಞಾನ. ಪರೀಕ್ಷೆಗಿಲ್ಲದ, ಕೆಲಸಕ್ಕೆ ಬಾರದ ಇನ್ನೊಂದು ಹೊರೆ ಅವರಿಗೇಕೆ? ನಮ್ಮ ಹಂಬಲ ನಮ್ಮಲ್ಲಿರಲಿ.

ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಲಸಿಕೆಯ ಉಪಮೆ ಕೇಳಲು ಚೆನ್ನಾಗಿದೆ. ಆದರೆ ಲಸಿಕೆ ಅಳುವ ಮಗುವಿನ ಮೈಯಲ್ಲೂ ತನ್ನ ಕೆಲಸ ಮಾಡುತ್ತದೆ, ಪುಸ್ತಕ ಅಳುವ ಮಗುವಿನಲ್ಲಿ ಕೆಲಸ ಮಾಡದು. ಒಳಗೆ ಹೋಗಲು ಅದಕ್ಕೆ ಮಗುವಿನ ಒಪ್ಪಿಗೆ ಬೇಕು. ಇನ್ನು ಸುಮ್ಮನಿರುವುದೇ ಮಕ್ಕಳಿಗೆ ಕೊಡುವ ಸ್ವಾತಂತ್ರ್ಯ ಎನ್ನುವವರ ಮಾತು. ರುಚಿಯನ್ನೇ ನೋಡದವನಿಗೆ ಬೇಡವೆನ್ನುವ ಸ್ವಾತಂತ್ರ್ಯವಾದರೂ ಎಲ್ಲಿಯದು? ತೋರಿಸದೆ ಇದ್ದರೆ, ಬೇಡವೆಂಬ ತೀರ್ಮಾನವನ್ನು ಮಗುವಿನ ಪರವಾಗಿ ನಾವೇ ಮಾಡಿದಂತಾಯಿತು. ಬಲವಂತವೆಂದು ಹೆದರಿ ಕೈಕಟ್ಟಿ ಕುಳಿತವನೂ ಒಂದು ಬಗೆಯಲ್ಲಿ ಬಲವಂತವನ್ನೇ ಮಾಡುತ್ತಿದ್ದಾನೆ.

ಇಷ್ಟನ್ನು ತರ್ಕಕ್ಕಾಗಿ ಹೇಳಿದ್ದಾಯಿತು. ತರ್ಕಕ್ಕಿಂತ ಹೆಚ್ಚಾಗಿ ನಮಗೆ ಕಲಿಸಿದ್ದು ನಮ್ಮದೇ ಒಂದು ತಪ್ಪು. ಅದನ್ನು ಮರೆಮಾಚಿ ಈ ಲೇಖನ ಬರೆಯುವುದು ಸರಿಯಲ್ಲ.

ನಮ್ಮ ಮಗ ಮಗಳಿಗಿಂತ ಐದು ವರ್ಷ ದೊಡ್ಡವನು. ಅವನು ಎರಡನೆಯ ತರಗತಿಯಲ್ಲಿದ್ದಾಗ ಪ್ರತಿ ಭಾನುವಾರ ಬೆಳಗ್ಗೆ ಅವನನ್ನು ಕೂರಿಸಿಕೊಂಡು ಕಾಗುಣಿತ ಬರೆಸುತ್ತಿದ್ದೆವು. ಕ್ವಾರ್ಟರ್ಸಿನ ಹಿಂದಿನ ಮೈದಾನದಲ್ಲಿ ಅದೇ ಹೊತ್ತಿಗೆ ಅವನ ಗೆಳೆಯರ ಕ್ರಿಕೆಟ್ಟು. ಚೆಂಡು ಬ್ಯಾಟಿಗೆ ತಗಲಿದ ಸದ್ದು ಕೇಳಿದಾಗಲೆಲ್ಲ ಅವನ ಕೈಯ ಪೆನ್ಸಿಲು ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾವು ಗದರುತ್ತಿದ್ದೆವು. ತಪ್ಪಿದ ಅಕ್ಷರವನ್ನು ಹತ್ತು ಸಲ ಬರೆಯಬೇಕೆಂದು ನಿಯಮ. ಹೀಗೆ ಒಂದು ವರ್ಷ ನಡೆಯಿತು. ಅಕ್ಷರಗಳು ಬಂದವು, ಕರ್ನಾಟಕ ಭವನದ ಮುಂದಿನ ಫಲಕವನ್ನು ಓದಿ ಹೇಳಿದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. ಒಂದು ದಿನ ಆ ಬರೆಯುವ ಪುಸ್ತಕ ಕಾಣೆಯಾಯಿತು. ಹುಡುಕಿದರೆ, ಹಳೆಯ ಪೇಪರು ಕೊಳ್ಳುವವನ ಮೂಟೆಗೆ ಅವನೇ ಅದನ್ನು ಸೇರಿಸಿಬಿಟ್ಟಿದ್ದ. ನಾವು ಕೈಯೆತ್ತಿದೆವು. ಆ ಏಟು ಬಿದ್ದದ್ದು ಕನ್ನಡದ ಹೆಸರಿನಲ್ಲಿ. ಈಗ ಅವನಿಗೆ ಹದಿನಾರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಒರಟಾಗಿಯಲ್ಲ, ಮರ್ಯಾದೆಯಿಂದಲೇ. ಕಲಿತಿದ್ದ ಅಕ್ಷರಗಳನ್ನು ಮರೆತಿದ್ದಾನೆ. ಅವನನ್ನು ದೂರುವ ಮುಖ ನಮಗಿಲ್ಲ.

ಎಲ್ಲಿ ತಪ್ಪಿದೆವು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇವೆ. ನಮ್ಮ ಹಿರಿಯರು ಮೂರು ಋಣಗಳ ಮಾತನ್ನಾಡಿದ್ದಾರೆ: ದೇವಋಣ, ಋಷಿಋಣ, ಪಿತೃಋಣ. ಇವುಗಳಲ್ಲಿ ಋಷಿಋಣ ತೀರುವುದು ಅಧ್ಯಯನದಿಂದ. ನಮಗೆ ಅಕ್ಷರ ಕೊಟ್ಟ ಮೇಷ್ಟರಿಗೆ, ಕಥೆ ಕೊಟ್ಟ ಅಜ್ಜಿಯರಿಗೆ, ಪದ್ಯ ಕೊಟ್ಟ ಕವಿಗಳಿಗೆ ನಾವು ಸಾಲಗಾರರು, ಇದರಲ್ಲಿ ಸಂದೇಹವಿಲ್ಲ. ಆದರೆ ಈ ಸಾಲವನ್ನು ಪಡೆದವರು ನಾವು, ಮಕ್ಕಳಲ್ಲ. ಕಛೇರಿಯಲ್ಲಿ ಮುಂಗಡ, ಜಾಮೀನುಗಳ ಕಡತಗಳ ನಡುವೆಯೇ ದಿನ ಕಳೆಯುವ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಸಹಿ ಹಾಕದವನಿಂದ ಸಾಲ ವಸೂಲು ಮಾಡುವ ನಿಯಮ ಯಾವ ಕೈಪಿಡಿಯಲ್ಲೂ ಇಲ್ಲ. ಊರು ಬಿಟ್ಟು ಬಂದ ಸಂಕಟ ನಮ್ಮದು. ಅದರ ಬಡ್ಡಿಯನ್ನು ಏಳು ವರ್ಷದ ಹುಡುಗನಿಂದ ಭಾನುವಾರ ಭಾನುವಾರ ವಸೂಲು ಮಾಡುತ್ತಿದ್ದೆವು. ಕೊಡಬೇಕಾದವರು ನಾವಾಗಿದ್ದು, ಕೇಳುವವರಂತೆ ನಡೆದುಕೊಂಡೆವು.

ಈಗ ಮಗಳ ಪ್ರಶ್ನೆಗೆ ಬರೋಣ. ಪುಸ್ತಕದಲ್ಲಿ ತಾನಿಲ್ಲ ಎಂಬುದು ಅವಳ ದೂರು. ಹಾಗಾದರೆ ನಮ್ಮ ಚಿಕ್ಕಂದಿನ ಪುಸ್ತಕಗಳಲ್ಲಿ ನಾವಿದ್ದೆವೆ?

ನಾವು ಹುಟ್ಟಿ ಬೆಳೆದದ್ದು ಬಯಲುಸೀಮೆಯಲ್ಲಿ, ಕಡಲೆಕಾಯಿ ಬೆಳೆಯುವ, ಮಳೆಗೆ ಬಾಯಿಬಿಟ್ಟು ನಿಲ್ಲುವ ಊರಿನಲ್ಲಿ. ಅಲ್ಲಿ ನಾವು ಕಂಠಪಾಠ ಮಾಡಿದ್ದರಲ್ಲಿ ಪಂಜೆ ಮಂಗೇಶರಾಯರ ಹುತ್ತರಿ ಹಾಡೂ ಒಂದು. ಕೊಡಗು ಯಾವ ದಿಕ್ಕಿಗಿದೆ ಎಂಬುದೂ ಆಗ ನಮಗೆ ತಿಳಿಯದು. ಹುತ್ತರಿ ಎಂದರೆ ಹೊಸ ಭತ್ತದ ಹಬ್ಬವೆಂದು ಮೇಷ್ಟರು ಹೇಳಿಕೊಟ್ಟರು. ಭತ್ತದ ಗದ್ದೆಯನ್ನೇ ಕಾಣದ ಇಪ್ಪತ್ತು ಮಂದಿ ಹುಡುಗರು ಕೊಡಗಿನ ಹಿರಿಮೆಯನ್ನು ಎದೆ ತುಂಬಿ ಹಾಡಿದೆವು. ಮುಂದೆ ತಿಳಿದುಬಂದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಅದನ್ನು ಬರೆದ ಪಂಜೆಯವರು (1874-1937) ಕೊಡಗಿನವರಲ್ಲ, ಬಂಟ್ವಾಳದವರು; ಅಧ್ಯಾಪಕರಾಗಿ ಮಡಿಕೇರಿಯಲ್ಲಿದ್ದವರು. ಅವರ ಮನೆಮಾತು ಕನ್ನಡವೂ ಅಲ್ಲ, ಕೊಡವವೂ ಅಲ್ಲ, ಕೊಂಕಣಿ. ಕೊಂಕಣಿಯ ಮನೆಯಿಂದ ಬಂದವರು ಕನ್ನಡದಲ್ಲಿ ಬರೆದ ಕೊಡಗಿನ ಹಾಡನ್ನು ಬಯಲುಸೀಮೆಯ ನಾವು ನಮ್ಮದೆಂದು ಹಾಡಿದೆವು. ಕೊಡಗಿನವರೂ ತಮ್ಮದೆಂದು ಹಾಡುತ್ತಾರೆ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೆನೆಯಿರಿ. ಕನ್ನಡದ ಮಕ್ಕಳ ಕವಿತೆ ಎಂದರೆ ಮೊದಲು ನಾಲಗೆಗೆ ಬರುವ ಹೆಸರು ಅದು. ಆ ಕಥೆ ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನದು. ಇಂಗ್ಲಿಷಿನಲ್ಲಿ ಅದನ್ನು ಪದ್ಯವಾಗಿ ಹೇಳಿದವನು ರಾಬರ್ಟ್ ಬ್ರೌನಿಂಗ್, 1842ರಲ್ಲಿ. ಅಲ್ಲಿನ ವೇಸರ್ ನದಿ ಇಲ್ಲಿ ತುಂಗೆಯಾಯಿತು, ಪೌರಾಧ್ಯಕ್ಷ ಗೌಡನಾದ, ಬಣ್ಣದ ಅಂಗಿಯ ಕೊಳಲುಗಾರ ಜಡೆಯ ಜೋಗಿಯಾದ. ಇಲಿಗಳು ಮಾತ್ರ ಎಲ್ಲ ಊರಿನ ಇಲಿಗಳಂತೆಯೇ ಇದ್ದವು. ಇನ್ನು ತಿಂಗಳು ತಿಂಗಳೂ ಕಾದು ಓದುತ್ತಿದ್ದ ‘ಚಂದಮಾಮ’! 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಮೊದಲು ಹೊರಟು ಆಮೇಲೆ ಕನ್ನಡಕ್ಕೂ ಬಂದ ಪತ್ರಿಕೆ ಅದು. ಈಗ ನಿಂತುಹೋಗಿದೆ. ಬೇತಾಳನನ್ನು ಹೆಗಲಿಗೇರಿಸಿಕೊಂಡು ನಡೆಯುವ ವಿಕ್ರಮನ ಚಿತ್ರ ಬರೆಯುತ್ತಿದ್ದ ಶಂಕರ್ ತಮಿಳುನಾಡಿನವರು. ಅದರಲ್ಲಿ ನಮ್ಮೂರ ಹುಡುಗನೊಬ್ಬನೂ ಇರಲಿಲ್ಲ. ಆದರೂ ಅದನ್ನು ಹೊರಗಿನದೆಂದು ನಾವು ಎಂದೂ ಎಣಿಸಲಿಲ್ಲ.

ಕನ್ನಡವೆಂಬ ಮನೆಯೇ ಹೀಗೆ ಹಲವು ಬಾಗಿಲುಗಳದು. ಕನ್ನಡಕ್ಕೆ ಇದುವರೆಗೆ ಜ್ಞಾನಪೀಠ ತಂದುಕೊಟ್ಟವರು ಎಂಟು ಮಂದಿ. ಅವರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೈಸೂರಿನಲ್ಲಿ ಬೆಳೆದ ಎ. ಕೆ. ರಾಮಾನುಜನ್ ತಮ್ಮ ಬಾಲ್ಯವನ್ನು ಕುರಿತು ಹೇಳಿಕೊಂಡದ್ದು ಪ್ರಸಿದ್ಧವಾಗಿದೆ: ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷು, ಕೆಳಗೆ ತಾಯಿಯೊಡನೆ ತಮಿಳು, ಬೀದಿಗಿಳಿದರೆ ಕನ್ನಡ. ಆ ಬೀದಿಯ ಕನ್ನಡದಲ್ಲಿ ಅವರು ಬರೆದ ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಕನ್ನಡ ಕಾವ್ಯದಲ್ಲಿ ಉಳಿದಿದೆ; ಅವರು ಬಾಳಿನ ದೊಡ್ಡದೊಂದು ಭಾಗ ಕಳೆದದ್ದು ಷಿಕಾಗೋದಲ್ಲಿ. ಹೀಗಿರುವಾಗ ಮಹಡಿಯ ಮೇಲೆ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಅಡಿಗೆಮನೆಯಲ್ಲಿ ಕನ್ನಡ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳನ್ನು ಯಾವ ಕಡೆಗೂ ಸೇರದವರೆಂದು ಮರುಗಬೇಕಾದ ಕಾರಣವಿಲ್ಲ.

ಇಷ್ಟು ಹೇಳಿ ನಾವು ಮಗಳನ್ನು ವಾದದಲ್ಲಿ ಗೆದ್ದುಬಿಡಬಹುದಿತ್ತು. ‘ನೋಡಮ್ಮ, ಪುಸ್ತಕದಲ್ಲಿ ನೀನಿರಬೇಕಾದ್ದಿಲ್ಲ, ನೀನಿಲ್ಲದ ಪುಸ್ತಕವೂ ನಿನ್ನದಾಗುತ್ತದೆ’ ಎಂದು. ಆದರೆ ಆ ಉತ್ತರದಲ್ಲಿ ಒಂದು ತೊಡಕಿದೆ. ಆಗೊಮ್ಮೆ ಈಗೊಮ್ಮೆ ಪುಸ್ತಕದಲ್ಲಿ ಕಾಣಿಸಿಕೊಳ್ಳುವವನಿಗೆ, ಕಾಣದಿದ್ದಾಗ ನೋವಿಲ್ಲ. ಎಂದೂ ಎಲ್ಲಿಯೂ ಕಾಣಿಸಿಕೊಳ್ಳದವನ ಗತಿಯೇನು? ನಮ್ಮ ಪಠ್ಯಪುಸ್ತಕಗಳಲ್ಲಿ ರಾಜರಿದ್ದರು, ಋಷಿಗಳಿದ್ದರು, ತೋಟವುಳ್ಳ ಮನೆಯ ಮಕ್ಕಳಿದ್ದರು. ನಮ್ಮ ತರಗತಿಯಲ್ಲೇ ಹಿಂದೆ, ಬಾಗಿಲ ಬಳಿ ಕೂರುತ್ತಿದ್ದ ಹುಡುಗರು ಆ ಪುಟಗಳಲ್ಲಿರಲಿಲ್ಲ. ಇದು ನಮಗೆ ಆಗ ತೋರಲೇ ಇಲ್ಲ. ತೋರಿದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ (1994) ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನೂ ಓದಿದಾಗ. ಅದೇ ಕನ್ನಡ, ಅಂಥದೇ ಶಾಲೆ, ಅದೇ ಕಪ್ಪುಹಲಗೆ. ಬಾಲ್ಯ ಮಾತ್ರ ಬೇರೆ.

ಸಂಘದ ಪುಸ್ತಕದ ಕಪಾಟಿಗೆ ಇಂಥ ಪುಸ್ತಕ ತರಿಸೋಣವೆಂದಾಗ ಹಿರಿಯರೊಬ್ಬರು, “ಮಕ್ಕಳಿಗೆ ನಮ್ಮ ಸಂಸ್ಕೃತಿಯ ಒಳ್ಳೆಯದನ್ನು ತೋರಿಸೋಣ ಸ್ವಾಮಿ, ಇದೆಲ್ಲ ಯಾಕೆ?” ಎಂದರು. ಅವರ ಉದ್ದೇಶ ಕೆಟ್ಟದ್ದಲ್ಲ. ದೂರದಲ್ಲಿರುವವರಿಗೆ ಊರು ಸದಾ ಹಬ್ಬದ ಬೆಳಗಿನಂತೆ ಕಾಣುತ್ತದೆ: ಎಳ್ಳುಬೆಲ್ಲ, ದಸರೆಯ ಗೊಂಬೆ, ಬಾಗಿಲಿಗೆ ತೋರಣ. ಆದರೆ ನೆನಪಿನಲ್ಲಿ ಸೋಸಿ ಸೋಸಿ ಉಳಿಸಿಕೊಂಡ ಈ ಊರನ್ನೇ ನಿಜವಾದ ಊರೆಂದು ಮಕ್ಕಳಿಗೆ ಕೊಟ್ಟರೆ ಅದು ಸುಳ್ಳನ್ನು ಕೊಟ್ಟಂತಾಗುತ್ತದೆ. ಮಕ್ಕಳು ಒಂದಲ್ಲ ಒಂದು ದಿನ ಊರಿಗೆ ಹೋಗಿ ಕಣ್ಣಾರೆ ಕಾಣುತ್ತಾರೆ. ಆಗ ಅವರ ನಂಬಿಕೆ ಊರಿನ ಮೇಲಿನದೂ ಹೋಗುತ್ತದೆ, ನಮ್ಮ ಮೇಲಿನದೂ ಹೋಗುತ್ತದೆ.

ಬೇರು ಕಳೆದುಕೊಳ್ಳುತ್ತಿರುವ ನಗರದ ಮಕ್ಕಳನ್ನು ಕುರಿತು ನಮಗಿಂತ ಮೊದಲೇ ಚಿಂತಿಸಿದವರೊಬ್ಬರನ್ನು ಇಲ್ಲಿ ನೆನೆಯಬೇಕು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಮುಂಬಯಿಯಲ್ಲಿ ಬೆಳೆದ ಅನಂತ ಪೈ. ಅವರೇ ಹೇಳಿಕೊಂಡಂತೆ, 1967ರಲ್ಲಿ ದೆಹಲಿಯಲ್ಲಿ ಟೆಲಿವಿಷನ್ನಿನ ಒಂದು ರಸಪ್ರಶ್ನೆಯನ್ನು ಕಂಡರು. ಗ್ರೀಕ್ ದೇವತೆಗಳ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿಯ ಹೆಸರು ಕೇಳಿದಾಗ ಸುಮ್ಮನಾದರು. ಅದೇ ವರ್ಷ ‘ಅಮರ ಚಿತ್ರಕಥೆ’ಯ ಕೆಲಸ ಆರಂಭವಾಯಿತು. ಆ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಿನ್ನರಕಥೆಗಳು, ‘ಕೃಷ್ಣ’ 11ನೆಯದು. ಆಮೇಲೆ ಅದು ಎಷ್ಟು ಮನೆಗಳನ್ನು ಹೊಕ್ಕಿತೆಂಬುದನ್ನು ಎಲ್ಲರೂ ಬಲ್ಲರು. ನಮ್ಮ ಮಕ್ಕಳಿಗೂ ಕರ್ಣ, ಅಭಿಮನ್ಯು ಪರಿಚಯವಾದದ್ದು ಅಲ್ಲಿಯೇ, ಅದೂ ಇಂಗ್ಲಿಷಿನಲ್ಲಿ. ಆ ಚಿತ್ರಗಳಲ್ಲಿ ವೀರರೆಲ್ಲ ಬೆಳ್ಳಗಿರುತ್ತಾರೆ, ರಾಕ್ಷಸರೆಲ್ಲ ಕಪ್ಪಗಿರುತ್ತಾರೆ ಎಂದು ವಿಮರ್ಶಕರು ಆಕ್ಷೇಪಿಸಿದ್ದಾರೆ, ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಪೈಯವರ ಋಣ ದೊಡ್ಡದು. ಅವರನ್ನು ಕಾಡಿದ ಆ ಪ್ರಶ್ನೆಯ ಬಗ್ಗೆ ಮಾತ್ರ ನಮಗೊಂದು ಅನುಮಾನ. ಕೌಸಲ್ಯೆಯ ಹೆಸರು ಗೊತ್ತಿರುವುದು ತಿಳಿವಳಿಕೆ, ಸರಿ. ಅದೇ ಸಂಸ್ಕೃತಿಯಾದೀತೆ? ಮಗ ಕಾಡಿಗೆ ಹೊರಟು ನಿಂತಾಗ ಆ ತಾಯಿಗೆ ಏನಾಯಿತೆಂದು ಒಂದು ರಾತ್ರಿ ನಿದ್ದೆಗೆಟ್ಟ ಮಗು, ಹೆಸರು ಮರೆತಿದ್ದರೂ, ರಾಮಾಯಣವನ್ನು ಹೆಚ್ಚು ಬಲ್ಲದು.

ಹಿಂದಿನವರಿಗೂ ನಮಗೂ ಇನ್ನೊಂದು ವ್ಯತ್ಯಾಸವಿದೆ. ಮುಂಬಯಿಯಲ್ಲಿ ಒಂದು ಕಾಲಕ್ಕೆ ಹೋಟೆಲುಗಳಲ್ಲಿ ಹಗಲೆಲ್ಲ ಮೇಜು ಒರೆಸಿದ ದಕ್ಷಿಣ ಕನ್ನಡದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದರು. ಅವರಿಗೆ ಕನ್ನಡ ಪುಸ್ತಕ ಮೇಲೇರುವ ಏಣಿ. ಆ ಏಣಿಯನ್ನೇರಿ ಮ್ಯಾಟ್ರಿಕ್ ಮುಗಿಸಿದವರು, ಸಂಸಾರ ಕಟ್ಟಿದವರು ಅನೇಕರು. ನಮ್ಮ ಮಕ್ಕಳಿಗೆ ಅದು ಏಣಿಯಲ್ಲ. ಮನೆಮಾತಿನಲ್ಲಿ ಕಲಿಸುವುದನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎತ್ತಿಹಿಡಿದಿದೆಯಾದರೂ, ನಲವತ್ತು ಮಕ್ಕಳಿಗೆ ಹತ್ತು ಮನೆಮಾತುಗಳಿರುವ ಈ ಊರಿನ ತರಗತಿಯಲ್ಲಿ ಅದು ನಡೆಯುವ ಮಾತಲ್ಲ. ಅಂಕ ಬಾರದ, ನೌಕರಿ ಕೊಡದ ಭಾಷೆಯನ್ನು ಮಗು ಕಲಿಯುವುದಾದರೆ ಪ್ರೀತಿಗಾಗಿಯೇ ಕಲಿಯಬೇಕು. ಪ್ರೀತಿಯನ್ನು ಬೆತ್ತ ಹಿಡಿದು ಕಲಿಸಿದವರುಂಟೆ?

ಪ್ರೀತಿ ಹುಟ್ಟುವುದು ಕಣ್ಣಿಗಿಂತ ಮೊದಲು ಕಿವಿಯಲ್ಲಿ. ಕುವೆಂಪು ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಟ್ಟ ಕವನಸಂಗ್ರಹ 1922ರಲ್ಲಿ ಬಂತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಆ ತರುಣನ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಸಲಹೆ ಕೊಟ್ಟದ್ದು ಎಲ್ಲರಿಗೂ ತಿಳಿದ ಕಥೆ. ನಾವು ಅದನ್ನು ಕನ್ನ�ಡದ ಗೆಲುವಿನ ಕಥೆಯಾಗಿ ಹೇಳುತ್ತೇವೆ. ಇನ್ನೊಂದು ಕಡೆಯಿಂದಲೂ ಅದನ್ನು ನೋಡಬಹುದು. ಇಪ್ಪತ್ತರ ಹರೆಯದಲ್ಲಿ ಅವರು ತಮ್ಮ ಭಾಷೆಗೆ ಮರಳಬಲ್ಲವರಾದರು. ಏಕೆಂದರೆ ಮರಳಲು ಅಲ್ಲೊಂದು ಮನೆಯಿತ್ತು. ಕುಪ್ಪಳಿಯ ಉಪ್ಪರಿಗೆಯಲ್ಲಿ ಬಾಲ್ಯದಲ್ಲಿ ಕೇಳಿದ ಮಾತು, ಕಥೆ, ಕಾವ್ಯವಾಚನ ಕಿವಿಯಲ್ಲಿ ಉಳಿದಿದ್ದವು. ಮಕ್ಕಳು ಈಗಲೇ ಮರಳಬೇಕೆಂದು ನಾವು ಹಟ ಹಿಡಿಯಬೇಕಾದ್ದಿಲ್ಲ. ಎಂದಾದರೂ ಮರಳಬೇಕೆನ್ನಿಸಿದರೆ ಕಿವಿಯಲ್ಲಿ ಒಂದು ಮನೆ ಇರಲಿ ಎಂಬಷ್ಟು ಮಾಡಿದರೆ ಸಾಕು.

ನಮ್ಮ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಓದಿದ್ದು ನಾಲ್ಕನೆಯ ತರಗತಿ. ಅವರ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ನೋಟ್‌ಪುಸ್ತಕ ಸಿಕ್ಕಿತು. ಅದನ್ನು ದೆಹಲಿಗೆ ತಂದಿದ್ದೆವು. ಮದುವೆಯ ಹಾಡು, ಆರತಿಯ ಹಾಡು, ದಾಸರ ಪದ. ನಡುವೆ ಹಾಲಿನ ಲೆಕ್ಕ, ಸೀಮೆಎಣ್ಣೆಯ ಲೆಕ್ಕ, ಸಾರಿನಪುಡಿಗೆ ಯಾವುದು ಎಷ್ಟು ಎಂಬ ಅಳತೆ. ಹಕಾರ ಅವರ ಬಾಯಲ್ಲಿರಲಿಲ್ಲ, ಬರವಣಿಗೆಯಲ್ಲೂ ಇಲ್ಲ. ಹಸೆಯ ಹಾಡು ಅಲ್ಲಿ ‘ಅಸೆ ಆಡು’ ಆಗಿದೆ. ಇದೇ ಉಚ್ಚಾರಣೆಗಾಗಿ ಶಾಲೆಯಲ್ಲಿ ನಾವು ಬೆಂಚಿನ ಮೇಲೆ ನಿಂತದ್ದುಂಟು. ಕಳೆದ ಚಳಿಗಾಲದ ಒಂದು ಸಂಜೆ ಮಗಳು ಆ ಪುಸ್ತಕವನ್ನು ತಿರುವುತ್ತಾ ಕುಳಿತಿದ್ದಳು. ಓದಲು ಬಾರದು, ಅಜ್ಜಿಯ ಕೈಬರಹವೆಂದು ನೋಡುತ್ತಿದ್ದಳು. ಕೊನೆಯ ಪುಟದಲ್ಲಿ ಏನಿದೆ ಎಂದು ಕೇಳಿದಳು. ಓದಿದೆವು. ಮೊಮ್ಮಕ್ಕಳು ಹುಟ್ಟಿದ ದಿನಗಳನ್ನು ಅಜ್ಜಿ ಸಾಲಾಗಿ ಬರೆದಿಟ್ಟಿದ್ದರು. ಕಟ್ಟಕಡೆಯ ಸಾಲಿನಲ್ಲಿ ಮಗಳ ಹೆಸರು, ತಾರೀಖು, ‘ಡೆಲ್ಲಿ, ಬೆಳಗಿನ ಜಾವ’ ಎಂದಿತ್ತು.

“ಇದರಲ್ಲಿ ನನ್ನ ಹೆಸರು ಯಾವುದು?” ಎಂದಳು. ತೋರಿಸಿದೆವು. ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಮಾರನೆಯ ದಿನ ಒಂದು ಹಾಳೆಯ ಮೇಲೆ ಅದನ್ನು ಹಾಗೆಯೇ ಬರೆದು ತಂದಳು. ಆಮೇಲೆ ಅಣ್ಣನ ಹೆಸರು, ಆಮೇಲೆ ಮೇಲಿನ ಸಾಲುಗಳು. ನಾವು ಕಾಗುಣಿತ ಹೇಳಿಕೊಡಲಿಲ್ಲ. ಕೇಳಿದ ಅಕ್ಷರವನ್ನಷ್ಟೇ ಹೇಳಿದೆವು. ಈಗ ಮೂವತ್ತು ಅಕ್ಷರ ಬಂದಿರಬಹುದು. ಎರಡು ಹಾಡುಗಳನ್ನು ತಡವರಿಸಿ ಓದುತ್ತಾಳೆ. ಅಜ್ಜಿ ಬರೆದಂತೆ ‘ಆಡು’ ಎಂದೇ ಓದುತ್ತಾಳೆ. ಅದನ್ನು ನಾವು ತಿದ್ದುವುದಿಲ್ಲ.

ಇದರಿಂದ ಏನೋ ಸಾಧಿಸಿದೆವೆಂದು ಹೇಳಲಾರೆವು. ನಾಳೆ ಅವಳಿಗೆ ಬೇಸರ ಬಂದು ಬಿಟ್ಟರೂ ಬಿಟ್ಟಾಳು. ಹಾಗೆ ಬಿಡುವ ಹಕ್ಕು ಅವಳದು. ಪುಸ್ತಕ ತನ್ನದಾಗುವುದು ತನ್ನಂಥವರು ಅದರಲ್ಲಿದ್ದಾರೆಂದಷ್ಟೇ ಅಲ್ಲ, ತನ್ನನ್ನು ನೆನೆದವರೊಬ್ಬರು ಅದರ ಹಿಂದಿದ್ದಾರೆಂದು ಗೊತ್ತಾದಾಗಲೂ ಎಂಬುದನ್ನು ಅವಳಿಂದ ನಾವು ಕಲಿತೆವು. ಅಜ್ಜಿಗೆ ಮೊಮ್ಮಗಳಿಂದ ಏನೂ ಬೇಕಿರಲಿಲ್ಲ. ಬರೆದಿಟ್ಟರು, ಅಷ್ಟೆ. ಕಿಂದರಿಜೋಗಿಯ ಕಥೆಯಲ್ಲಿ ಮಕ್ಕಳು ಊರು ಬಿಟ್ಟು ಹೋದದ್ದೇಕೆ? ಹಿರಿಯರು ಕೊಡುತ್ತೇವೆಂದದ್ದನ್ನು ಕೊಡದೆ ಹೋದದ್ದರಿಂದ. ಆ ಪದ್ಯವನ್ನು ಮಕ್ಕಳ ಪದ್ಯವೆಂದೇ ಇಷ್ಟು ಕಾಲ ಓದಿಕೊಂಡು ಬಂದೆವು. ಅದರ ನೀತಿಯೆಲ್ಲ ದೊಡ್ಡವರಿಗೆ.

ಈಗ ನಮ್ಮ ಮನೆಯಲ್ಲಿ ನಡೆದಿರುವ ಏರ್ಪಾಡು ಸರಳವಾದದ್ದು. ರಾತ್ರಿ ಒಂದು ದಿನ ಪುಸ್ತಕದಿಂದ ನಾವು ಓದುತ್ತೇವೆ. ಒಂದು ದಿನ ಮಗಳು ತನ್ನ ಕಥೆ ಹೇಳುತ್ತಾಳೆ. ಮೆಟ್ರೋದಲ್ಲಿ ದಾರಿ ತಪ್ಪಿದ್ದು, ಜನವರಿಯ ಮಂಜಿನಲ್ಲಿ ಶಾಲೆಯ ಬಸ್ಸಿಗೆ ಕಾದದ್ದು, ಕೆಳಗಿನ ಮನೆಯ ಪಂಜಾಬಿ ಅಜ್ಜಿ ಕೊಟ್ಟ ಪರಾಠ. ಅವಳು ಹೇಳಿದ್ದನ್ನು, ಅವಳ ಹಿಂದಿ ಬೆರೆತ ಕನ್ನಡದಲ್ಲೇ, ಅಜ್ಜಿಯ ನೋಟ್‌ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆದಿಡುತ್ತಿದ್ದೇವೆ. ಅವಳಿರುವ ಕನ್ನಡ ಪುಸ್ತಕ ಇನ್ನೂ ಅಚ್ಚಾಗಿಲ್ಲವೆಂದರೆ ಅದಕ್ಕೆ ಹೊಣೆ ಅವಳಲ್ಲ. ಹೊರನಾಡಿನಲ್ಲಿ ಎರಡು ಮೂರು ತಲೆಮಾರು ಕಳೆದೂ ಇಲ್ಲಿನ ಮಕ್ಕಳ ಬಾಲ್ಯವನ್ನು ಕನ್ನಡದಲ್ಲಿ ಬರೆಯದ ನಮ್ಮಂಥವರು ಹೊಣೆ.

ಮೊನ್ನೆ ಕಥೆ ಓದುತ್ತಿದ್ದಾಗ ಫೋನು ಬಂದು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಪಕ್ಕದ ಕೋಣೆಯಲ್ಲಿ ಓದಿಕೊಳ್ಳುತ್ತಿದ್ದ ಮಗ ಅಲ್ಲಿಂದಲೇ, “ಫಿರ್ ಕ್ಯಾ ಹುವಾ?” ಎಂದು ಕೇಳಿದ. ನಾವು ಏನೂ ಹೇಳದೆ, ಅವನಿಗೆ ಕೇಳಿಸುವಷ್ಟು ದನಿ ಎತ್ತರಿಸಿ, ಮುಂದಿನ ಸಾಲನ್ನು ಓದಿದೆವು.

ಓದುಗ ಬಂಧುಗಳಲ್ಲಿ ಅನೇಕರು ನಮಗಿಂತ ಹೆಚ್ಚು ಕಾಲ ಹೊರನಾಡಿನಲ್ಲಿ ಬಾಳಿದವರು, ಮಕ್ಕಳನ್ನು ಬೆಳೆಸಿದವರು. ಅವರ ಮನೆಗಳಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರಗಳು ದೊರೆತಿರಬಹುದು. ಈ ಪುಟಗಳಲ್ಲಿ ಅವರು ಅದನ್ನು ಬರೆದರೆ, ಉಪ್ಪಿನಕಾಯಿ ಮುಗಿದ ಮೇಲೂ ಉಳಿಯುವಂಥದ್ದು ಒಂದಿಷ್ಟು ನಮ್ಮೆಲ್ಲರ ಪಾಲಿಗೆ ಸಿಕ್ಕೀತು.